ಕಂಪ್ಯೂಟರಿನಲ್ಲಿ ಬೆಳೆದು ಬಾಹ್ಯಾಕಾಶಕ್ಕೆ ಹೋದ ಆಂಟೆನಾ

2006ರ ಮಾರ್ಚ್ 22ರಂದು ನಾಸಾ ಮೂರು ಪುಟ್ಟ ಉಪಗ್ರಹಗಳನ್ನು ಹಾರಿಸಿತು. ಯೋಜನೆಯ ಹೆಸರು ಎಸ್‌ಟಿ5. ಒಂದೊಂದರ ತೂಕ ಸುಮಾರು 25 ಕೆ.ಜಿ. ಅವುಗಳಲ್ಲಿದ್ದ ಒಂದು ಆಂಟೆನಾ ನೋಡಿದರೆ, ಯಾರೋ ಸುಮ್ನೆ ತಿರುಚಿ ಬಿಸಾಕಿದ ಜೆಮ್ ಕ್ಲಿಪ್ ಅನ್ನಿಸುತ್ತದೆ. ಆದರೆ ಅದರ ಒಂದೊಂದು ಬಾಗನ್ನೂ ಕಂಪ್ಯೂಟರ್ ಹುಡುಕಿ ತೆಗೆದಿತ್ತು.

ಜೀವಿಗಳು ವಿಕಾಸವಾದ ಹಾಗೆ ವಿನ್ಯಾಸವನ್ನೂ ತಲೆಮಾರಿನಿಂದ ತಲೆಮಾರಿಗೆ ಬೆಳೆಸುವ ಈ ಯೋಚನೆ 1960ರ ದಶಕದ್ದು. ಜರ್ಮನಿಯಲ್ಲಿ ರೆಶೆನ್‌ಬರ್ಗ್ ಮತ್ತು ಶ್ವೆಫೆಲ್, ಅಮೆರಿಕದಲ್ಲಿ ಜಾನ್ ಹಾಲೆಂಡ್ ಇದರ ಬೆನ್ನು ಹತ್ತಿದರು. ಮೊದಲು ಮನಬಂದಂತೆ ಒಂದಷ್ಟು ವಿನ್ಯಾಸ ಹುಟ್ಟಿಸುವುದು. ಪ್ರತಿಯೊಂದಕ್ಕೂ ಅಂಕ ಕೊಡುವುದು. ಜಾಸ್ತಿ ಅಂಕ ಬಂದವನ್ನು ಬೆರೆಸಿ, ಅಲ್ಲಲ್ಲಿ ಚೂರು ಬದಲಿಸಿ, ಮುಂದಿನ ತಲೆಮಾರು ಹುಟ್ಟಿಸುವುದು. ಹೀಗೇ ಮುಂದುವರಿಯುವುದು.

ಆಂಟೆನಾಕ್ಕೆ ಇದು ಬಂದದ್ದು 1990ರ ದಶಕದಲ್ಲಿ. ಸಾವಿರಾರು ತಂತಿಗಳನ್ನು ಬಗ್ಗಿಸಿ ಅಳೆಯಲು ಯಾರಿಂದ ಆಗುತ್ತದೆ? ಆ ಲೆಕ್ಕವನ್ನು ಕಂಪ್ಯೂಟರೇ ಬೇಗ ಮಾಡುವ ತನಕ ಕಾಯಬೇಕಾಯಿತು. 1997ರಲ್ಲಿ ಅಮೆರಿಕದ ಆಲ್ಟ್‌ಶುಲರ್ ಮತ್ತು ಲಿಂಡೆನ್ ಇದೇ ದಾರಿಯಲ್ಲಿ ಬೆಳೆಸಿದ ಸೊಟ್ಟ ತಂತಿಯ ಆಂಟೆನಾವನ್ನು ತೋರಿಸಿದರು.

ಎಸ್‌ಟಿ5ಕ್ಕೆ ಇದೇ ಲಿಂಡೆನ್ ಜೊತೆ ನಾಸಾ ಏಮ್ಸ್ ಕೇಂದ್ರದ ಜೇಸನ್ ಲೋನ್ ಮತ್ತು ಗ್ರೆಗರಿ ಹಾರ್ನ್‌ಬಿ ಕೆಲಸ ಮಾಡಿದರು. ಅವರ ಮೊದಲ ಆಂಟೆನಾ ಸಿದ್ಧವಾದ ಮೇಲೆ ಉಪಗ್ರಹಗಳ ಕಕ್ಷೆಯೇ ಬದಲಾಯಿತು. ಹೊಸ ಕಕ್ಷೆ ಭೂಮಿಗೆ ಹತ್ತಿರ. ಆಂಟೆನಾ ಈಗ ಪಕ್ಕಕ್ಕಷ್ಟೇ ಅಲ್ಲ, ನೇರ ಮುಂದಕ್ಕೂ ಚೆನ್ನಾಗಿ ಸಂಕೇತ ಕಳಿಸಬೇಕಿತ್ತು. ತಂಡ ಅಂಕ ಕೊಡುವ ನಿಯಮವನ್ನು ತಿದ್ದಿ ಮತ್ತೆ ಓಡಿಸಿತು. ಸುಮಾರು ಒಂದು ತಿಂಗಳಲ್ಲಿ ಹೊಸ ಮಾದರಿ ಕೈಗೆ ಬಂತು. ನನಗೆ ಇಡೀ ಕಥೆಯಲ್ಲಿ ದೊಡ್ಡದು ಅನ್ನಿಸುವುದು ಇದೇ. ವಿಚಿತ್ರ ಆಕಾರಕ್ಕಿಂತ ಈ ವೇಗ ಮುಖ್ಯ. ಆಮೇಲೆ ಪರೀಕ್ಷಿಸಿದಾಗ, ಎಂಜಿನಿಯರುಗಳು ಮಾಮೂಲಿ ಕ್ರಮದಲ್ಲಿ ಮಾಡಿದ ಸುರುಳಿ ಆಂಟೆನಾಗಳ ಜೋಡಿಯ ದಕ್ಷತೆ ಶೇ 38, ಹೊಸ ಜೋಡಿಯದು ಶೇ 93!

ಹಾಗಂತ ಇದರಿಂದ ಎಲ್ಲವೂ ಆಗುವುದಿಲ್ಲ. ಅಲೆಯ ಉದ್ದಕ್ಕೆ ಹೋಲಿಸಿದರೆ ಆಂಟೆನಾ ತೀರಾ ಚಿಕ್ಕದಾದಾಗ ಅದು ಹಿಡಿಯುವ ಆವರ್ತನಗಳ ಹರವು ಕುಗ್ಗುತ್ತದೆ. 1948ರಲ್ಲೇ ಚು ಎಂಬ ವಿಜ್ಞಾನಿ ಇದರ ಮಿತಿಯನ್ನು ಲೆಕ್ಕ ಹಾಕಿ ತೋರಿಸಿದ್ದರು. ಆ ಗೆರೆಯನ್ನು ಯಾವ ಅಲ್ಗಾರಿದಮ್ಮೂ ದಾಟಲಾರದು, ಗೆರೆಯ ಹತ್ತಿರ ಹೋಗಬಹುದು ಅಷ್ಟೇ.

ಈಗ ಆಂಟೆನಾ ವಿನ್ಯಾಸದ ಸಾಫ್ಟ್‌ವೇರುಗಳಲ್ಲೇ ಈ ವಿಧಾನ ಸಿಗುತ್ತದೆ. ಸಮಯದ್ದೇ ಕಷ್ಟ. ಮೊಬೈಲ್ ಒಳಗಿನ ಆಂಟೆನಾ ಅಂದರೆ ಬ್ಯಾಟರಿ, ಪರದೆ, ಹಿಡಿದ ಕೈ ಎಲ್ಲವನ್ನೂ ಲೆಕ್ಕಕ್ಕೆ ಸೇರಿಸಬೇಕಲ್ವಾ? ಹಾಗಾಗಿ ಮೊದಲು ಬೇಗ ಮುಗಿಯುವ ಒಂದು ಸರಳ ಲೆಕ್ಕದ ಮಾದರಿಯಿಂದ ಅಂಕ ಅಂದಾಜು ಮಾಡಿಸುತ್ತಾರೆ. ಅದರಲ್ಲಿ ಗೆದ್ದ ಕೆಲವಕ್ಕೆ ಮಾತ್ರ ಪೂರ್ತಿ ಲೆಕ್ಕ.