ಪರದೆ ಹಾಕಿದರೆ ಸಂಗ್ರಹಾಲಯ ಕಥೆ ಹೇಳುತ್ತದೆಯೇ?

ಪ್ರಶ್ನೆ: ಮಕ್ಕಳನ್ನು ವಸ್ತು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದರೆ ಹತ್ತೇ ನಿಮಿಷದಲ್ಲಿ ‘ಆಯಿತು, ಹೋಗೋಣ’ ಎನ್ನುತ್ತಾರೆ. ಈಗ ಎಲ್ಲೆಲ್ಲೂ ಡಿಜಿಟಲ್ ಕಥನದ ಮಾತು ಕೇಳುತ್ತಿದ್ದೇವೆ. ಹಾಗೆಂದರೆ ಗೋಡೆಗೆ ದೊಡ್ಡ ಪರದೆ ಹಾಕುವುದೇ? ಚಿತ್ರದುರ್ಗ, ದಾವಣಗೆರೆಯಂತಹ ಊರುಗಳಲ್ಲಿ ಕೋಟಿಗಟ್ಟಲೆ ಹಣವಿಲ್ಲದೆ ಅದು ಆಗುವ ಕೆಲಸವೇ?

ಉತ್ತರ: ಆಗುವ ಕೆಲಸವೇ. ಶಿಕ್ಷಕರು, ತಂದೆ ತಾಯಿಯರು, ಊರಿನ ಇತಿಹಾಸದಲ್ಲಿ ಆಸಕ್ತಿ ಇರುವ ಯುವಕರು ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಲೇ ಇರುತ್ತಾರೆ. ಎಲ್ಲರ ಮಾತೂ ಪರದೆಯಿಂದಲೇ ಶುರುವಾಗುತ್ತದೆ. ಡಿಜಿಟಲ್ ಕಥನ ಎಂದರೆ ದನಿ, ಚಿತ್ರ, ಮೊಬೈಲ್‌ನಂತಹವುಗಳ ನೆರವಿನಿಂದ ಕಥೆ ಹೇಳುವುದು; ಪರದೆ ಕೊನೆಗೆ ಬರಬೇಕಾದ ಸಂಗತಿ. ಎದುರಿಗಿರುವ ವಸ್ತುವನ್ನು ನೋಡಿದವರಿಗೆ ಏನು ತಿಳಿಯಬೇಕು ಎನಿಸುತ್ತದೆ, ಅದನ್ನು ಯಾರ ದನಿಯಲ್ಲಿ ಹೇಳಿದರೆ ಮನಸ್ಸಿಗೆ ಮುಟ್ಟುತ್ತದೆ ಎಂಬುದು ಮೊದಲು ತೀರ್ಮಾನವಾಗಬೇಕು. ಅಷ್ಟಾದರೆ ಒಂದು ಮೊಬೈಲ್‌ನಲ್ಲೂ ಕಥೆ ನಿಲ್ಲುತ್ತದೆ.

ಒಂದು ವೀರಗಲ್ಲನ್ನು ತೆಗೆದುಕೊಳ್ಳೋಣ. ನಮ್ಮ ಕಡೆ ಕೆರೆ ಏರಿಯ ಮೇಲೆ, ಹನುಮಪ್ಪನ ಗುಡಿಯ ಪಕ್ಕದಲ್ಲಿ, ಹೊಲದ ಬದುವಿನಲ್ಲಿ ಇವು ಕಾಣಸಿಗುತ್ತವೆ. ಸಂಗ್ರಹಾಲಯಕ್ಕೆ ಬಂದ ಕಲ್ಲಿನ ಕೆಳಗೆ ಸಾಮಾನ್ಯವಾಗಿ ಒಂದು ಪುಟ್ಟ ಫಲಕ ಇರುತ್ತದೆ: ವೀರಗಲ್ಲು, ಇಂಥ ಶತಮಾನ, ಇಂಥ ಊರು. ಓದಿದ ಹುಡುಗ ಮುಂದಿನ ಕಲ್ಲಿಗೆ ಹೋಗುತ್ತಾನೆ. ಅವನ ತಪ್ಪೇನೂ ಇಲ್ಲ. ಕಲ್ಲನ್ನು ಪುಸ್ತಕದ ಪುಟ ಓದುವ ಹಾಗೆ ಮೇಲಿನಿಂದ ಕೆಳಕ್ಕೆ ನೋಡಿದ್ದಾನೆ, ಅರ್ಥವಾಗಿಲ್ಲ. ಸಾಮಾನ್ಯವಾಗಿ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಪಟ್ಟಿಕೆಯಲ್ಲಿ ಕಾಳಗ. ಬಿಲ್ಲು, ಕತ್ತಿ, ಗುರಾಣಿ. ಕೆಲವು ಕಲ್ಲುಗಳಲ್ಲಿ ಒಂದರ ಹಿಂದೆ ಒಂದು ನಿಂತ ದನಗಳೂ ಇರುತ್ತವೆ. ದನಗಳಿದ್ದರೆ ಅದು ತುರುಗಾಳಗ, ಅಂದರೆ ಊರಿನ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನು ತಡೆಯುವಾಗ ನಡೆದ ಹೋರಾಟ. ನಡುವಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ಅವನು ಶಿವಲಿಂಗದ ಮುಂದೆ ಕುಳಿತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ: ಅವರಿರುವ ತನಕ ಇವನ ಹೆಸರೂ ಇರಲಿ ಎಂದು.

ಈಗ ಅದೇ ಕಲ್ಲಿನ ಪಕ್ಕ ಒಂದು ಕ್ಯೂಆರ್ ಕೋಡ್ ಇದೆ ಎನ್ನಿ. ಮೊಬೈಲ್ ಹಿಡಿದರೆ ಅದೇ ಕಲ್ಲಿನ ಚಿತ್ರ ಮೂಡುತ್ತದೆ, ಆದರೆ ತಳದ ಪಟ್ಟಿಕೆ ಮಾತ್ರ ಬೆಳಗಿದೆ, ಉಳಿದದ್ದು ಮಬ್ಬು. ‘ಕೆಳಗಿನಿಂದ ಶುರು ಮಾಡೋಣ. ದನ ಎಷ್ಟಿವೆ, ಎಣಿಸು’ ಎನ್ನುತ್ತದೆ ಒಂದು ದನಿ. ಹುಡುಗ ಮೊಬೈಲ್‌ನಿಂದ ತಲೆ ಎತ್ತಿ ಕಲ್ಲನ್ನು ನೋಡಿ ಎಣಿಸುತ್ತಾನೆ. ಆಮೇಲೆ ಎರಡನೆಯ ಪಟ್ಟಿಕೆ ಬೆಳಗುತ್ತದೆ, ನಂತರ ಮೂರನೆಯದು. ಒಟ್ಟು ಒಂದೂವರೆ ನಿಮಿಷ. ಕಥೆಯನ್ನು ಶಿಲ್ಪಿ ಆಗಲೇ ಕಡೆದಿಟ್ಟಿದ್ದಾನೆ. ತಂತ್ರಜ್ಞಾನ ಓದುವ ಕ್ರಮವನ್ನು ತೋರಿಸಿಕೊಟ್ಟಿತು, ಅಷ್ಟೆ. ಒಳ್ಳೆಯ ಡಿಜಿಟಲ್ ಕಥನಕ್ಕೆ ನಾನು ಇಟ್ಟುಕೊಂಡಿರುವ ಪರೀಕ್ಷೆ ಇದೊಂದೇ: ನೋಡುಗರ ಕಣ್ಣು ವಸ್ತುವಿನ ಕಡೆಗೆ ಮರಳಿತೇ, ಪರದೆಗೇ ಅಂಟಿಕೊಂಡಿತೇ?

ದನಿಯ ಮಾತು ಬಂದದ್ದರಿಂದ ಹೇಳಬೇಕು, ಈ ದಾರಿ ಹಳೆಯದು. ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿರುವ ಸ್ಟೆಡೆಲೈಕ್ ಸಂಗ್ರಹಾಲಯ 1952ರಲ್ಲೇ ರೇಡಿಯೊ ತರಂಗಗಳ ಮೂಲಕ ವೀಕ್ಷಕರ ಕಿವಿಗೆ ವಿವರಣೆ ತಲುಪಿಸಿತ್ತು. 1990ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೋ ಲ್ಯಾಂಬರ್ಟ್, ಡಾನಾ ಆಚ್ಲಿ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರ ಕಾರ್ಯಾಗಾರಗಳಲ್ಲಿ ಸಾಮಾನ್ಯ ಜನರು ಗುಂಪಾಗಿ ಕುಳಿತು ತಮ್ಮ ಬದುಕಿನ ಒಂದು ಘಟನೆಯನ್ನು ಹೇಳಿಕೊಳ್ಳುತ್ತಾರೆ, ಅದನ್ನು ಬರೆದು ತಮ್ಮದೇ ದನಿಯಲ್ಲಿ ಓದುತ್ತಾರೆ, ಮನೆಯಲ್ಲಿರುವ ಹಳೆಯ ಫೋಟೊಗಳನ್ನು ಜೋಡಿಸಿ ಎರಡು ಮೂರು ನಿಮಿಷದ ಪುಟ್ಟ ಚಿತ್ರ ಮಾಡುತ್ತಾರೆ. ಡಿಜಿಟಲ್ ಕಥನ ಎಂಬ ಹೆಸರು ಹರಡಿದ್ದು ಬಹುಪಾಲು ಇವರಿಂದ. ಮುಂದೆ ಸಂಗ್ರಹಾಲಯಗಳೂ ಈ ವಿಧಾನವನ್ನು ಕೈಗೆತ್ತಿಕೊಂಡವು.

ದಾವಣಗೆರೆಗೆ ಇದಕ್ಕಿಂತ ಹೊಂದುವ ವಿಧಾನ ಬೇರೊಂದಿಲ್ಲ ಎಂದು ನನಗೆ ಬಲವಾಗಿ ಅನಿಸುತ್ತದೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ಇದು. ಪಾಳಿ ಬದಲಾಗುವ ಸೈರನ್ನಿಗೆ ಇಡೀ ಬಡಾವಣೆ ಏಳುತ್ತಿದ್ದ ಕಾಲವನ್ನು ಕಂಡವರು ಈಗ ಮನೆಯ ಜಗಲಿಯಲ್ಲಿ ಕುಳಿತಿದ್ದಾರೆ. ಅವರ ಪೆಟ್ಟಿಗೆಗಳಲ್ಲಿ ಗುರುತಿನ ಚೀಟಿ, ಸಂಬಳದ ಚೀಟಿ, ಸಹೋದ್ಯೋಗಿಗಳ ಜೊತೆ ನಿಂತು ತೆಗೆಸಿಕೊಂಡ ಫೋಟೊ ಇರುತ್ತವೆ. ಒಬ್ಬ ಹಿರಿಯರು ಗುರುತಿನ ಚೀಟಿಯನ್ನು ಕೈಯಲ್ಲಿ ಹಿಡಿದು ತಮ್ಮ ಮೊದಲ ರಾತ್ರಿ ಪಾಳಿಯನ್ನು ಹೇಳುತ್ತಾ ಹೋಗಲಿ. ಮೊಮ್ಮಗಳು ಮೊಬೈಲ್‌ನಲ್ಲಿ ಚಿತ್ರೀಕರಿಸಲಿ. ‘ಅಜ್ಜಾ, ಯಂತ್ರದ ಸದ್ದಿನಲ್ಲಿ ಒಬ್ಬರನ್ನೊಬ್ಬರು ಹೇಗೆ ಕರೆಯುತ್ತಿದ್ದಿರಿ?’ ಎಂದು ಅವಳು ಕೇಳಿದರೆ ಬರುವ ಉತ್ತರ ಯಾವ ಕಡತದಲ್ಲೂ ಸಿಗುವುದಿಲ್ಲ. ಮಂಡಕ್ಕಿ ಭಟ್ಟಿಯಲ್ಲಿ ಹೊಗೆ, ಬಿಸಿಮರಳಿನ ಮುಂದೆ ವರ್ಷಗಟ್ಟಲೆ ನಿಂತ ಹೆಂಗಸರು, ಚಳ್ಳಕೆರೆಯ ಕಂಬಳಿ ನೇಯುವವರು, ಮೊಳಕಾಲ್ಮೂರಿನ ರೇಷ್ಮೆ ಮಗ್ಗದವರು, ಇವರೆಲ್ಲರೂ ಸಂಗ್ರಹಾಲಯಕ್ಕೆ ದನಿ ಕೊಡಬಲ್ಲವರು. ಅವರ ಮಾತನ್ನು ಅವರ ನುಡಿಯಲ್ಲೇ ಇಡಬೇಕು. ಮೊಳಕಾಲ್ಮೂರು ಕಡೆ ತೆಲುಗು ಮಾತಾಡುವ ಮನೆಗಳಿವೆ, ಲಂಬಾಣಿ ತಾಂಡಾಗಳಿವೆ; ಕನ್ನಡದ ಅಡಿಬರಹ ಹಾಕಿದರೆ ಸಾಕು, ದನಿಯನ್ನು ಬದಲಿಸಬಾರದು.

ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಇನ್ನೊಂದು ಕಥೆ ಕಾದಿದೆ. ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಪಾಠಪುಸ್ತಕದಲ್ಲಿ ಇಷ್ಟು ಬರುತ್ತದೆ, ಮಕ್ಕಳು ಉರು ಹೊಡೆದು ಮರೆಯುತ್ತಾರೆ. ಆದರೆ ಶಾಸನದ ಕೊನೆಯಲ್ಲಿ, ಅದನ್ನು ಬರೆದ ಚಪಡ ಎಂಬಾತ ತನ್ನ ಹೆಸರು ಹಾಕಿಕೊಂಡಿದ್ದಾನೆ. ಶಾಸನ ಪೂರ್ತಿ ಎಡದಿಂದ ಬಲಕ್ಕೆ ಓದುವ ಬ್ರಾಹ್ಮಿ ಲಿಪಿಯಲ್ಲಿದೆ. ಲಿಪಿಕಾರ ಎಂದು ತನ್ನ ಉದ್ಯೋಗ ಹೇಳಿಕೊಳ್ಳುವ ಕೊನೆಯ ಪದವನ್ನು ಮಾತ್ರ ಆತ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಆ ಕಾಲದಲ್ಲಿ ಬಳಕೆಯಲ್ಲಿದ್ದದ್ದು ಗಾಂಧಾರದ ಕಡೆ, ಇಂದಿನ ಪಾಕಿಸ್ತಾನ, ಆಫ್ಘಾನಿಸ್ತಾನಗಳ ಭಾಗದಲ್ಲಿ. ಅವನು ಅಲ್ಲಿಂದ ಬಂದವನೇ, ಅಲ್ಲಿ ಅಕ್ಷರ ಕಲಿತವನೇ? ಇಷ್ಟು ದೂರ ಬಂದು ಇಲ್ಲಿಯ ಬಂಡೆಯ ಮೇಲೆ ಆ ಒಂದು ಪದವನ್ನು ಆ ಲಿಪಿಯಲ್ಲಿ ಏಕೆ ಬರೆದ? ಇಪ್ಪತ್ತೆರಡು ಶತಮಾನಗಳ ಹಿಂದಿನ ಒಬ್ಬ ನೌಕರನ ಬಗ್ಗೆ ಕೇಳಬಹುದಾದ ಈ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅಶೋಕನಿಂದ ಶುರು ಮಾಡುವ ಬದಲು ಚಪಡನಿಂದ ಶುರು ಮಾಡಿ ನೋಡಿ, ತರಗತಿಯ ಕೊನೆಯ ಬೆಂಚೂ ಕಿವಿ ಕೊಡುತ್ತದೆ.

ಇಲ್ಲಿ ಮಾತ್ರ ತಂತ್ರಜ್ಞಾನ ನಿಜಕ್ಕೂ ದೊಡ್ಡ ಕೆಲಸ ಮಾಡಬಲ್ಲದು. ಸವೆದ ಅಕ್ಷರಗಳು ನಡುಮಧ್ಯಾಹ್ನದ ಬಿಸಿಲಿನಲ್ಲಿ ಕಾಣುವುದಿಲ್ಲ. ಬೆಳಕು ಓರೆಯಾಗಿ ಬಿದ್ದಾಗ ಉಳಿ ಕೊರೆದ ಗೀರುಗಳಲ್ಲಿ ನೆರಳು ನಿಂತು ಅಕ್ಷರ ಮೇಲೆದ್ದು ಬರುತ್ತದೆ. ಕಲ್ಲನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಟ್ಟರೆ, ಪರದೆಯ ಮೇಲೆ ಆ ಬೆಳಕನ್ನು ಬೇಕಾದ ಕಡೆಯಿಂದ ಹಾಯಿಸಬಹುದು. ಇತಿಹಾಸದ ಅಧ್ಯಯನ ನಡೆಸುವ ಬೆಂಗಳೂರಿನ ಮಿಥಿಕ್ ಸೊಸೈಟಿ ತನ್ನ ಸುತ್ತಮುತ್ತಲಿನ ಶಾಸನಗಳನ್ನು ಹೀಗೆ ಸ್ಕ್ಯಾನ್ ಮಾಡಿ ದಾಖಲಿಸುವ ಕೆಲಸ ಕೈಗೊಂಡಿದೆ. ಬ್ರಹ್ಮಗಿರಿಯ ಬಂಡೆಯನ್ನು ಯಾರೂ ಚಿತ್ರದುರ್ಗದ ರಂಗಯ್ಯನ ಬಾಗಿಲಿನ ಸಂಗ್ರಹಾಲಯಕ್ಕೆ ಹೊತ್ತು ತರಲಾರರು, ತರಲೂಬಾರದು. ಅದರ ಮೂರು ಆಯಾಮದ ಪ್ರತಿರೂಪವನ್ನು ತರಬಹುದು. ಮಗು ಬೆರಳಿನಿಂದ ಬೆಳಕನ್ನು ಜರುಗಿಸುತ್ತಾ ಚಪಡನ ಹೆಸರನ್ನು ತಾನೇ ಹುಡುಕಬಹುದು.

ಕಥೆ ಹೇಳುವ ಉತ್ಸಾಹದಲ್ಲಿ ಕೈಬಿಡಬಾರದ ಎಚ್ಚರವೊಂದಿದೆ. 1779ರಲ್ಲಿ ಹೈದರಾಲಿ ಚಿತ್ರದುರ್ಗದ ಕೋಟೆಯನ್ನು ಗೆದ್ದದ್ದು ದಾಖಲೆಯ ಇತಿಹಾಸ. ಕಾವಲುಗಾರ ಗಂಡ ಊಟಕ್ಕೆ ಕುಳಿತಾಗ ನೀರಿಗೆ ಹೋದ ಓಬವ್ವ, ಕಿಂಡಿಯಲ್ಲಿ ತೂರಿ ಬರುತ್ತಿದ್ದ ಶತ್ರು ಸೈನಿಕರನ್ನು ಒನಕೆಯಿಂದ ಹೊಡೆದು ಕೆಡವಿದ್ದು ಜನರ ಬಾಯಿಂದ ಬಾಯಿಗೆ ಉಳಿದು ಬಂದ ನೆನಪು. ಎರಡಕ್ಕೂ ಸಂಗ್ರಹಾಲಯದಲ್ಲಿ ಗೌರವದ ಜಾಗ ಇರಬೇಕು, ಆದರೆ ಎರಡನ್ನೂ ಒಂದೇ ದನಿಯಲ್ಲಿ ಹೇಳಬಾರದು. ದಾಖಲೆಯ ಭಾಗಕ್ಕೆ ನಿರೂಪಕರ ದನಿ, ಓಬವ್ವನ ಭಾಗಕ್ಕೆ ಕೋಟೆಯ ತಪ್ಪಲಿನ ಒಬ್ಬ ಅಜ್ಜಿಯ ದನಿ ಇಟ್ಟರೆ ಕೇಳುವವರಿಗೆ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ. ಈಗ ಕೃತಕ ಬುದ್ಧಿಮತ್ತೆಯಿಂದ ಯಾರ ಮುಖವನ್ನಾದರೂ ಕ್ಷಣದಲ್ಲಿ ಸೃಷ್ಟಿಸಬಹುದು. ಅಂತಹ ಓಬವ್ವನ ಚಿತ್ರ ಬಳಸಿದರೆ ‘ಇದು ಕಲ್ಪನೆಯ ಚಿತ್ರ’ ಎಂದು ಅದರ ಮೇಲೆಯೇ ಬರೆಯಬೇಕು. ಈ ವಿಷಯದಲ್ಲಿ ಸಡಿಲ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಜನ ಸಂಗ್ರಹಾಲಯದ ಮಾತನ್ನು ನಂಬುತ್ತಾರೆ.

ಜನ ಏನು ಕೇಳುತ್ತಾರೆ ಎಂದು ತಿಳಿಯುವುದು ಹೇಗೆ? ನ್ಯೂಯಾರ್ಕ್‌ನ ಬ್ರೂಕ್ಲಿನ್ ಸಂಗ್ರಹಾಲಯ 2015ರಲ್ಲಿ ಒಂದು ಆ್ಯಪ್ ತಂದಿತು. ಕಲಾಕೃತಿಯ ಮುಂದೆ ನಿಂತವರು ಮೊಬೈಲ್‌ನಲ್ಲಿ ಪ್ರಶ್ನೆ ಕಳಿಸಿದರೆ ಕಲಾ ಇತಿಹಾಸ ಬಲ್ಲ ಸಿಬ್ಬಂದಿ ಅಲ್ಲೇ ಉತ್ತರಿಸುತ್ತಿದ್ದರು. ನಮಗೆ ಆ್ಯಪ್ ಬೇಕಿಲ್ಲ. ಬಾಗಿಲ ಬಳಿ ಒಂದು ನೋಟ್‌ಬುಕ್, ಅಥವಾ ಸಂಗ್ರಹಾಲಯದ ಒಂದು ವಾಟ್ಸ್ಆ್ಯಪ್ ಸಂಖ್ಯೆ ಸಾಕು. ಮತ್ತೆ ಮತ್ತೆ ಬರುವ ಪ್ರಶ್ನೆಯೇ ಮುಂದಿನ ಕಥೆಯ ವಿಷಯ.

ಕಟ್ಟಡದ ಹೊರಗೂ ಕಥೆ ಓಡಾಡುತ್ತದೆ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಹಳ್ಳಿಯ ಬದುಕಿಗೆ ಮೀಸಲಾದ ಸಂಗ್ರಹಾಲಯವೊಂದಿದೆ. 2018ರಲ್ಲಿ ಅದು ಒಂದು ದಷ್ಟಪುಷ್ಟ ಟಗರಿನ ಹಳೆಯ ಫೋಟೊವನ್ನು ಒಂದು ಸಾಲಿನ ಮಾತಿನೊಂದಿಗೆ ಟ್ವಿಟರ್‌ನಲ್ಲಿ ಹಾಕಿತು. ಅದು ದೇಶವಿದೇಶ ಸುತ್ತಿತು. ಆ ಸಂಗ್ರಹಾಲಯದ ಹೆಸರನ್ನೇ ಕೇಳದವರು ಅದನ್ನು ಹುಡುಕಿಕೊಂಡು ಬಂದರು. ಖರ್ಚು ಏನೂ ಇರಲಿಲ್ಲ, ತಮ್ಮ ಸಂಗ್ರಹದಲ್ಲಿ ಏನಿದೆ ಎಂದು ಬಲ್ಲ ಒಬ್ಬ ಸಿಬ್ಬಂದಿ ಇದ್ದರು. ಕುರಿ ಸಾಕಣೆಯ ಚಿತ್ರದುರ್ಗ ಜಿಲ್ಲೆಗೆ ಒಂದು ಟಗರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ನಡೆಸಿಕೊಂಡು ಹೋಗುವ ಮಾತು. ದೊಡ್ಡ ಪರದೆಗಳ ಪಾಡು ನಾವು ಕಂಡದ್ದೇ: ಉದ್ಘಾಟನೆಯ ದಿನ ಬೆಳಗುತ್ತವೆ, ಒಂದು ಮಳೆಗಾಲ ಕಳೆದ ಮೇಲೆ ಕಪ್ಪಾಗಿ ನಿಲ್ಲುತ್ತವೆ, ದುರಸ್ತಿಗೆ ಹಣವಿರುವುದಿಲ್ಲ. ಪ್ರೇಕ್ಷಕರ ಕೈಯಲ್ಲೇ ಇರುವ ಮೊಬೈಲ್ ಬಳಸಿದರೆ ಆ ತಾಪತ್ರಯವಿಲ್ಲ. ದಪ್ಪ ಕಲ್ಲುಗೋಡೆಯ ಒಳಗೆ ಸಿಗ್ನಲ್ ಸಿಗದಿರಬಹುದು, ಹಾಗಾಗಿ ಕೋಡ್ ಅನ್ನು ಟಿಕೆಟ್ ಕೊಡುವ ಜಾಗದಲ್ಲೂ ಅಂಟಿಸಿ, ಒಳಹೋಗುವ ಮುಂಚೆಯೇ ಕಥೆ ಇಳಿಸಿಕೊಳ್ಳಲು ಹೇಳಬೇಕು. ಕಿವಿ ಕೇಳದವರಿಗೆ ಅಡಿಬರಹ ಇರಲಿ. ಕಣ್ಣು ಕಾಣದವರಿಗಾಗಿ ವಸ್ತುವಿನ ಆಕಾರ, ಅಳತೆ, ಕಲ್ಲಿನ ಒರಟುತನವನ್ನು ಮಾತಿನಲ್ಲೇ ವಿವರಿಸಬೇಕು. ಮೊಬೈಲ್ ಇಲ್ಲದೆ ಬಂದವರಿಗೆ ಅದೇ ಕಥೆಯ ಅಚ್ಚಾದ ಹಾಳೆಯೊಂದು ಸಿಗಬೇಕು.

ಪ್ರಶ್ನೆ ಕೇಳಿದವರು ಶಿಕ್ಷಕರಾಗಿದ್ದರೆ ಈ ವರ್ಷವೇ ಶುರು ಮಾಡಬಹುದು. ಭೇಟಿಗೆ ಮುಂಚೆ ಸಂಗ್ರಹಾಲಯದ ಅಧಿಕಾರಿಗಳ ಅನುಮತಿ ಪಡೆದು, ಐದು ಮಕ್ಕಳ ಗುಂಪಿಗೆ ಒಂದೇ ವಸ್ತುವನ್ನು ಕೊಡಿ. ಮೊದಲ ಕಾಲು ಗಂಟೆ ಮೊಬೈಲ್ ತೆಗೆಯದೆ ನೋಡಲಿ, ತೋಚಿದ ಪ್ರಶ್ನೆಗಳನ್ನು ಬರೆಯಲಿ. ಅವುಗಳಲ್ಲಿ ಒಂದಕ್ಕೆ ಪುಸ್ತಕದಿಂದಲೋ ಊರ ಹಿರಿಯರಿಂದಲೋ ಉತ್ತರ ಹುಡುಕಿ, ಇನ್ನೂರು ಪದಗಳಲ್ಲಿ ಬರೆದು, ತಮ್ಮ ದನಿಯಲ್ಲೇ ಓದಿ ಧ್ವನಿಮುದ್ರಿಸಲಿ. ಧ್ವನಿಮುದ್ರಣಕ್ಕೆ ಫ್ಯಾನ್ ಆರಿಸಿದ, ಕಿಟಕಿ ಮುಚ್ಚಿದ ಕೋಣೆ ಸಾಕು. ಮಾತಾಡಿದ ಹಿರಿಯರ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿಡಿ, ಪ್ರತಿ ಕಡತದ ಹೆಸರಿನಲ್ಲಿ ವಸ್ತು, ಊರು, ದಿನಾಂಕ ಇರಲಿ. ಮೂಲ ಧ್ವನಿಮುದ್ರಣದ ಒಂದು ಪ್ರತಿ ಶಾಲೆಯಲ್ಲಿ, ಇನ್ನೊಂದು ಸಂಗ್ರಹಾಲಯದಲ್ಲಿ ಉಳಿಯಲಿ.