ಛಲ ಅನ್ನೋ ಒಂದು ಪದ, ದುರ್ಯೋಧನನ ಸಾವಿರ ವರ್ಷ

ಕುರುಕ್ಷೇತ್ರದ ಯುದ್ಧ ಮುಗಿಯುತ್ತಾ ಬಂದಿದೆ. ಶರಶಯ್ಯೆಯಲ್ಲಿರುವ ಭೀಷ್ಮರನ್ನು ನೋಡಲು ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ದಾರಿ ಮಾಡಿಕೊಂಡು ಹೊರಟಿದ್ದಾನೆ. ನಡುವೆ ಮಗ ಲಕ್ಷಣಕುಮಾರನ ಹೆಣ ಸಿಗುತ್ತದೆ. ಅಪ್ಪನಿಗೆ ಮಗ ತರ್ಪಣ ಬಿಡಬೇಕು, ಈಗ ಮಗನಿಗೆ ಅಪ್ಪ ಬಿಡುವ ಹಾಗಾಯಿತಲ್ಲ ಅನ್ನುತ್ತಾನೆ. ಆಮೇಲೆ ಒಂದೇ ಒಂದು ಪ್ರಶ್ನೆ: ‘ತನೂಜ ನೀಂ ಕ್ರಮವಿಪರ್ಯಯಂ ಮಾಡುವುದೇ’. ಸರದಿ ತಪ್ಪಿಸಿಬಿಟ್ಟೆಯಲ್ಲ ಮಗನೇ ಅಂತ.

ಇದನ್ನು ಓದುವಾಗ ನನಗೆ ದ್ರೌಪದಿಯ ಸೀರೆ ನೆನಪಾಗುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನೆನಪಾಗುತ್ತದೆ, ಆಗ ಒಂದು ಥರ ಕಸಿವಿಸಿ ಆಗುತ್ತದೆ. ಆ ಕಸಿವಿಸಿಯನ್ನು ಬೇಕಂತಲೇ ಹುಟ್ಟಿಸಿದವನು ಇದನ್ನು ಬರೆದ ಹಳಗನ್ನಡದ ಕವಿ ರನ್ನ.

ಪೂರ್ತಿ ಒಳ್ಳೆಯವರೂ ಅಲ್ಲದ, ಪೂರ್ತಿ ಕೆಟ್ಟವರೂ ಅಲ್ಲದ ಪಾತ್ರಗಳು ಈಚೆಗೆ ವೆಬ್ ಸೀರೀಸ್‌ಗಳಿಂದ ಬಂದವು ಅಂತ ಎಷ್ಟೋ ಜನ ತಿಳಿದಿದ್ದಾರೆ. ಕನ್ನಡದ ಮಟ್ಟಿಗೆ ಅದು ನಿಜ ಅಲ್ಲ. ಇಲ್ಲಿ ಅದು ಶುರುವಾಗಿ ಸಾವಿರ ವರ್ಷ ದಾಟಿದೆ.

941ರಲ್ಲಿ ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದ. ಅವನ ಕಥಾನಾಯಕ ಅರ್ಜುನ. ಆಶ್ರಯ ಕೊಟ್ಟ ದೊರೆ ಅರಿಕೇಸರಿಯನ್ನೇ ಅರ್ಜುನನಲ್ಲಿ ಸೇರಿಸಿ ಹಾಡಿದ್ದಾನೆ. ಅಂಥ ಕಾವ್ಯದ ಕೊನೆಯಲ್ಲಿ, ಈ ಭಾರತ ಲೋಕಪೂಜ್ಯವಾಗಿದ್ದು ಯಾರ್‍ಯಾರಿಂದ ಅಂತ ಪಟ್ಟಿ ಕೊಡುವಾಗ, ಮೊದಲು ಬರುವ ಹೆಸರು ಯಾರದು ಗೊತ್ತಾ? ‘ಚಲದೊಳ್ ದುರ್ಯೋಧನಂ’. ಕರ್ಣ, ಭೀಮ, ಅರ್ಜುನ, ಧರ್ಮರಾಯ ಎಲ್ಲರೂ ಆಮೇಲೆ. ಚಲ ಅಂದರೆ ಈಗಿನ ನಮ್ಮ ಛಲ. ಮಗು ಓದಿ ಪಾಸಾದರೆ ‘ಛಲ ಇದೆ ಕಣ್ರೀ’ ಅಂತೀವಿ. ಮನೆ ಹಾಳಾದರೂ ಪಟ್ಟು ಬಿಡದವನಿಗೂ ‘ಏನು ಛಲಾನೋ’ ಅಂತೀವಿ. ಹೊಗಳಿಕೆ, ಬೈಗುಳ ಎರಡಕ್ಕೂ ಒಂದೇ ಪದ. ಪಂಪ ದುರ್ಯೋಧನನಿಗೆ ಆರಿಸಿ ಕೊಟ್ಟಿದ್ದು ಆ ಪದವನ್ನೇ.

ಅದೇ ಶತಮಾನದ ಕೊನೆಯ ಹೊತ್ತಿಗೆ ಬಂದ ರನ್ನ, ಮುಧೋಳದ ಬಳೆಗಾರರ ಮನೆಯ ಹುಡುಗ, ಪಂಪನ ಕೊನೆಯ ಭಾಗವನ್ನು ಎತ್ತಿಕೊಂಡು ‘ಗದಾಯುದ್ಧ’ ಮಾಡಿದ. ಅವನ ದೊರೆ ಸತ್ಯಾಶ್ರಯ, ಆ ದೊರೆಯನ್ನು ಭೀಮನಲ್ಲಿ ಸೇರಿಸಿ ಹಾಡಿದ್ದಾನೆ, ಹಾಗಾಗಿ ನಾಯಕ ಭೀಮ. ಆದರೆ ಓದುತ್ತಾ ಹೋದರೆ ಕವಿಯ ಜೀವ ಇರುವುದು ಸೋಲುವವನ ಹತ್ತಿರ. ಯಾಕೆ ಹೀಗೆ? ಎದುರಾಳಿ ಸಣ್ಣವನಾದರೆ ಗೆದ್ದವನೂ ಸಣ್ಣವನಾಗುತ್ತಾನೆ, ಅದು ಒಂದು ಕಾರಣ. ಇನ್ನೊಂದು, ಪಂಪ ರನ್ನ ಇಬ್ಬರೂ ಜೈನರು. ಜೈನ ಪುರಾಣದಲ್ಲಿ ರಾವಣನಂಥವನೂ ಮುಂದೊಂದು ಜನ್ಮದಲ್ಲಿ ತೀರ್ಥಂಕರನಾಗುತ್ತಾನೆ. ಹಾಗೆ ನಂಬಿದವರು ಯಾರ ಮೇಲೂ ಕೆಟ್ಟವನು ಅಂತ ಶಾಶ್ವತವಾಗಿ ಮೊಹರು ಒತ್ತುವುದು ಹೇಗೆ?

ರಣರಂಗದ ಆ ನಡಿಗೆಯಲ್ಲಿ ಅಭಿಮನ್ಯುವಿನ ಹೆಣವೂ ಸಿಗುತ್ತದೆ. ಶತ್ರುವಿನ ಮಗ, ಇವನ ಕಡೆಯವರೇ ಸುತ್ತುವರಿದು ಕೊಂದ ಹುಡುಗ. ದುರ್ಯೋಧನ ಅವನಿಗೆ ಕೈ ಮುಗಿದು, ನಿನ್ನ ಸಾಹಸದಲ್ಲಿ ಒಂದು ಪಾಲಿನಷ್ಟಾದರೂ ಇರುವ ಸಾವು ನಮಗೆ ಬರಲಿ ಅಂತ ಬೇಡುತ್ತಾನೆ. ಕೊನೆಗೆ ಭೀಷ್ಮರು ಸಂಧಿ ಮಾಡಿಕೋ ಅಂದಾಗ ಅವನ ಉತ್ತರ: ‘ನೆಲಕಿರಿವೆನೆಂದು ಬಗೆದಿರೆ? ಚಲಕಿರಿವೆಂ’. ನೆಲಕ್ಕಾಗಿ ಹೊಡೆದಾಡುತ್ತಿದ್ದೀನಿ ಅಂದುಕೊಂಡಿರಾ, ನನ್ನದು ಛಲದ ಯುದ್ಧ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳು ನೆಲ, ಇದರ ಜೊತೆ ಮತ್ತೆ ಬಾಳುತ್ತೇನಾ? ಹತ್ತನೇ ಕ್ಲಾಸಿನ ಮಕ್ಕಳು ಇದನ್ನು ಪಾಠದಲ್ಲಿ ಓದಿದ್ದಾರೆ. ಗೆಳೆಯನ ಮೇಲಿನ ಪ್ರೀತಿ ಇಲ್ಲಿ ನೂರಕ್ಕೆ ನೂರು ನಿಜ. ಉಳಿದ ಒಂದೇ ಒಂದು ಸಂಧಿಯ ಬಾಗಿಲನ್ನು ಮುಚ್ಚುತ್ತಿರುವುದೂ ಅದೇ ಪ್ರೀತಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ರನ್ನ ಅವನನ್ನು ಒಳ್ಳೆಯವನು ಮಾಡಲಿಲ್ಲ. ಅದೇ ಕಾವ್ಯದಲ್ಲಿ ದ್ರೌಪದಿ ತನ್ನ ಬಿಚ್ಚಿದ ಮುಡಿಯನ್ನು ಮುಂದಿಟ್ಟು ಭೀಮನನ್ನು ಕೆಣಕುತ್ತಾಳೆ, ಆ ಅವಮಾನವನ್ನು ಕವಿ ಎಲ್ಲೂ ಮುಚ್ಚಿಡುವುದಿಲ್ಲ. ಈಗ ಖಳನೇ ನಿಜವಾದ ಹೀರೋ, ರಾಮನೇ ಕೆಟ್ಟವನು ಅಂತ ತಿರುಗಿಸಿ ಬರೆಯುವ ಚಾಳಿ ಜಾಸ್ತಿ ಆಗಿದೆ. ನನಗೆ ಅದು ಸುಲಭದ ದಾರಿ ಅನ್ನಿಸುತ್ತದೆ. ಹಣೆಪಟ್ಟಿ ಕಿತ್ತು ಇನ್ನೊಬ್ಬನ ಹಣೆಗೆ ಅಂಟಿಸಿದಷ್ಟೇ ಆಯಿತು ಅಲ್ವಾ?

ಸುಮಾರು 1100ರ ಹೊತ್ತಿಗೆ ಇನ್ನೊಬ್ಬ ಜೈನ ಕವಿ ನಾಗಚಂದ್ರ ತನ್ನ ರಾಮಾಯಣದಲ್ಲಿ ರಾವಣನನ್ನು ಕೈಗೆತ್ತಿಕೊಂಡ. ಅವನ ರಾವಣ ಒಪ್ಪದ ಹೆಣ್ಣನ್ನು ಮುಟ್ಟುವುದಿಲ್ಲ ಅಂತ ವ್ರತ ಹಿಡಿದವನು. ಆದರೂ ಸೀತೆಯನ್ನು ಕಂಡು ಜಾರುತ್ತಾನೆ. ಕಾಲ ಬಂದರೆ ಸಮುದ್ರವೂ ಒಮ್ಮೆ ಎಲ್ಲೆ ದಾಟುವುದಿಲ್ಲವೇ ಅನ್ನುತ್ತಾನೆ ಕವಿ. ಆಮೇಲೆ ಕದಡಿದ ನೀರು ತಾನಾಗಿ ತಿಳಿಯಾಗುವಂತೆ ರಾವಣನ ಮನಸ್ಸು ತಿಳಿಯಾಗುತ್ತದೆ. ಅಲ್ಲೇ ಸೀತೆಯನ್ನು ಕಳಿಸಿದ್ದರೆ ಕಥೆ ಮುಗಿಯುತ್ತಿತ್ತು. ಕಳಿಸುವುದಿಲ್ಲ. ಮೊದಲು ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದು ಆಮೇಲೆ ಒಪ್ಪಿಸುತ್ತೇನೆ ಅನ್ನುತ್ತಾನೆ. ಮತ್ತೆ ಅದೇ ಛಲ.

ಇಂಗ್ಲಿಷ್ ಮತ್ತು ಗ್ರೀಕ್ ದುರಂತ ನಾಟಕಗಳನ್ನು ಓದಿಕೊಂಡಿದ್ದ ಬಿ.ಎಂ.ಶ್ರೀ. ಈ ಹಳಗನ್ನಡದ ಸೋತವರಲ್ಲಿ ದುರಂತ ನಾಯಕರನ್ನು ಗುರುತಿಸಿದರು, 1926ರಲ್ಲಿ ರನ್ನನ ಕಾವ್ಯವನ್ನೇ ‘ಗದಾಯುದ್ಧ ನಾಟಕಂ’ ಮಾಡಿ ರಂಗಕ್ಕೆ ಕೊಟ್ಟರು. ಕುವೆಂಪು ಇನ್ನೂ ಮುಂದೆ ಹೋದರು. ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಂಥರೆ ಬರೀ ಚಾಡಿಕೋರಿ ಅಲ್ಲ, ಭರತನ ಮೇಲಿನ ಮಮತೆ ಮಿತಿಮೀರಿ ದಾರಿ ತಪ್ಪಿದ ಮುದುಕಿ. ರಾವಣನಿಗೆ ಒಂದು ಕನಸು ಬೀಳುತ್ತದೆ, ಅದರಲ್ಲಿ ಅವನು ಸೀತೆಯ ಮಡಿಲಿನ ಮಗು.

ಇದೆಲ್ಲ ಪುಸ್ತಕದಲ್ಲೇ ಉಳಿಯಲಿಲ್ಲ. ಕರಾವಳಿ, ಮಲೆನಾಡಿನ ತಾಳಮದ್ದಳೆ ಅಂದರೆ ಕುಳಿತು ಮಾತಲ್ಲೇ ನಡೆಸುವ ಯಕ್ಷಗಾನ. ಅದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟು ಶಾಲು ಹೊದ್ದ ಅರ್ಥಧಾರಿ ಕುಳಿತಲ್ಲೇ ಕೌರವನಾಗುತ್ತಾನೆ. ಹಾಡುವ ಭಾಗವತರ ಪದ ಮುಗಿದ ಮೇಲೆ ಬಾಯಿಪಾಠದ ಮಾತು ಇರುವುದಿಲ್ಲ, ಅವನೇ ಆಗಿಂದಾಗ ವಾದ ಕಟ್ಟಬೇಕು. ಎದುರಿಗೆ ಕೂತ ಕೃಷ್ಣನ ಅರ್ಥಧಾರಿ ಸಭೆಯಲ್ಲಿ ನಡೆದದ್ದನ್ನು ಎತ್ತಿ ಚುಚ್ಚುತ್ತಾನೆ, ಕೌರವನಾದವನು ತನ್ನ ತೊಡೆಗೆ ಭೀಮ ಹೊಡೆದ ಏಟಿನ ನ್ಯಾಯ ಕೇಳುತ್ತಾನೆ. ಜಾಗಟೆ ಮತ್ತೆ ಬಾರಿಸುವವರೆಗೆ ಇಬ್ಬರೂ ಬಿಟ್ಟುಕೊಡುವುದಿಲ್ಲ. ಕೂಟ ಮುಗಿಸಿ ಮನೆಗೆ ನಡೆಯುವವರು ಇನ್ನೂ ಅದೇ ವಾದ ಮುಂದುವರಿಸುತ್ತಿರುತ್ತಾರೆ.