ಬಾವಿ, ಹಡಗು, ತಂತಿ: ಮುಂಬೈಯಲ್ಲಿ ಕುಳಿತು ಇಂಧನ ನೀತಿ ಓದುವವರಿಗೆ

‘ಭಾರತದ ಇಂಧನ ಭದ್ರತೆಯನ್ನು ಚರ್ಚಿಸಿ’ ಎಂಬ ಪರೀಕ್ಷಾ ಪ್ರಶ್ನೆ ಬಂದ ಕೂಡಲೇ ನಮ್ಮ ಓದುಗುಂಪಿನ ಹೆಚ್ಚಿನ ಉತ್ತರಗಳು ಒಂದೇ ದಾರಿ ಹಿಡಿಯುತ್ತವೆ. ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಆಮದು ಎಂದು ಶುರುವಾಗಿ, ಸೌರಶಕ್ತಿಯನ್ನು ಮುಟ್ಟಿ, ಎಥೆನಾಲ್ ಮಿಶ್ರಣದಲ್ಲಿ ಮುಗಿಯುತ್ತವೆ. ತಪ್ಪೇನಿಲ್ಲ, ಆದರೆ ಅರ್ಧ ಉತ್ತರ. ಅವಲಂಬನೆ, ಸಂಪನ್ಮೂಲ ಬರಿದಾಗುವುದು, ಮೂಲಸೌಕರ್ಯದ ದೌರ್ಬಲ್ಯ ಇವು ಮೂರು ಬೇರೆ ಬೇರೆ ಕಾಯಿಲೆಗಳು, ಮದ್ದೂ ಬೇರೆ. ಬೇರ್ಪಡಿಸಲು ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಪೆಟ್ಟು ಎಷ್ಟು ಹೊತ್ತಿನಲ್ಲಿ ಬೀಳುತ್ತದೆ? ತೈಲಬಾವಿ ಬತ್ತಲು ದಶಕಗಳು ಬೇಕು, ಹಡಗು ಬಾರದಿದ್ದರೆ ಕೆಲವು ವಾರಗಳಲ್ಲಿ ಬಿಸಿ ತಟ್ಟುತ್ತದೆ, ತಂತಿ ಕೈಕೊಟ್ಟರೆ ಸೆಕೆಂಡುಗಳು ಸಾಕು.

ಮೊದಲು ಬಾವಿ, ಅಂದರೆ ಬರಿದಾಗುವ ಕಾಯಿಲೆ. 1973ರ ತೈಲ ಬಿಕ್ಕಟ್ಟಿನಲ್ಲಿ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾದಾಗ, ನಮ್ಮ ಅದೃಷ್ಟಕ್ಕೆ 1974ರಲ್ಲಿ ‘ಸಾಗರ್ ಸಾಮ್ರಾಟ್’ ಕೊರೆಯುವ ನೌಕೆಗೆ ಮುಂಬೈಯ ಪಶ್ಚಿಮದ ಸಮುದ್ರದಲ್ಲಿ ತೈಲ ಸಿಕ್ಕಿತು. ಅದೇ ಬಾಂಬೆ ಹೈ, ಈಗಿನ ಮುಂಬೈ ಹೈ. 1976ರಲ್ಲಿ ಉತ್ಪಾದನೆ ಆರಂಭವಾಯಿತು. 1980ರ ದಶಕದ ಉತ್ತುಂಗದಲ್ಲಿ ದಿನಕ್ಕೆ ಸುಮಾರು 4.7 ಲಕ್ಷ ಬ್ಯಾರೆಲ್. ಈಗ ಅದರ ಮೂರನೇ ಒಂದು ಭಾಗವೂ ಇಲ್ಲ. ‘ಬರಿದಾಗುವುದು’ ಎಂದರೆ ತೈಲವೆಲ್ಲ ತೀರಿಹೋಗುವುದು ಎಂದು ಬರೆಯಬೇಡಿ. ಬಂಡೆಯೊಳಗಿನ ಒತ್ತಡ ಇಳಿಯುತ್ತದೆ, ಒತ್ತಡ ಕಾಯ್ದುಕೊಳ್ಳಲು ನೀರು ಹಾಯಿಸಬೇಕಾಗುತ್ತದೆ, ಕಡೆಗೆ ತೈಲದೊಂದಿಗೆ ಆ ನೀರೇ ಹೆಚ್ಚು ಹೆಚ್ಚಾಗಿ ಮೇಲೆ ಬರುತ್ತದೆ. ಪ್ರತಿ ಬ್ಯಾರೆಲಿಗೂ ಖರ್ಚು ಏರುತ್ತದೆ. ಇದನ್ನು ನಡೆಸುವ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ 2025ರ ಜನವರಿಯಲ್ಲಿ ಬ್ರಿಟನ್ನಿನ ಬಿಪಿ ಕಂಪನಿಯನ್ನು ತಾಂತ್ರಿಕ ಸೇವೆಗೆ ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಇದು ನಿಧಾನದ ಕಾಯಿಲೆ. ಸರ್ಕಾರಗಳು ಮುಂದೂಡುವುದೂ ಅದಕ್ಕೇ.

ಎರಡನೆಯದು ಹಡಗು, ಅಂದರೆ ಆಮದಿನ ಅವಲಂಬನೆ. 1990ರ ಕೊಲ್ಲಿ ಬಿಕ್ಕಟ್ಟಿನ ಬೆನ್ನಿಗೆ, 1991ರಲ್ಲಿ ನಮ್ಮ ವಿದೇಶಿ ವಿನಿಮಯ ಎರಡು ಮೂರು ವಾರಗಳ ಆಮದಿಗೆ ಸಾಲುವಷ್ಟಕ್ಕೆ ಕುಸಿದಿತ್ತು. ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದೆಂಬ ಬುದ್ಧಿ ಬಂದು, ಭೂಗತ ತೈಲ ಸಂಗ್ರಹಾಗಾರಗಳು ಎದ್ದು ನಿಲ್ಲುವಷ್ಟರಲ್ಲಿ ಎರಡು ದಶಕಕ್ಕೂ ಹೆಚ್ಚು ಕಳೆಯಿತು. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ. ನಮ್ಮ ಗುಂಪಿನಲ್ಲಿ ಕಾಪು, ಉಡುಪಿ ಕಡೆಯವರು ಸಾಕಷ್ಟು ಮಂದಿ ಇದ್ದಾರೆ. ದೇಶದ ಅತಿ ದೊಡ್ಡ ಆಪತ್ಕಾಲದ ತೈಲ ಸಂಗ್ರಹ ತಮ್ಮೂರ ಮಗ್ಗುಲಿನ ಬಂಡೆಯ ಗುಹೆಯಲ್ಲಿದೆ ಎಂಬುದು ಎಷ್ಟೋ ಜನರಿಗೆ ತಿಳಿದಿರಲಿಲ್ಲ. ಗುಹೆಗೆ ಉಕ್ಕಿನ ಹೊದಿಕೆ ಇಲ್ಲ. ಸುತ್ತಲಿನ ಅಂತರ್ಜಲದ ಒತ್ತಡ ತೈಲದ ಒತ್ತಡಕ್ಕಿಂತ ಹೆಚ್ಚಿರುವಂತೆ ನೋಡಿಕೊಳ್ಳುತ್ತಾರೆ, ಹಾಗಾಗಿ ನೀರು ಒಳಗೆ ಜಿನುಗಬಹುದೇ ಹೊರತು ತೈಲ ಹೊರಗೆ ಹೋಗದು. ಮೂರೂ ತುಂಬಿದ್ದರೆ ಸುಮಾರು 9.5 ದಿನಗಳ ಅಗತ್ಯ ನೀಗುತ್ತದೆ ಎಂಬುದು ಸರ್ಕಾರದ ಲೆಕ್ಕ. ತೈಲ ಕಂಪನಿಗಳ ದಾಸ್ತಾನು ಸೇರಿಸಿದರೆ 74 ದಿನ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯರಿಗೆ ವಿಧಿಸಿರುವುದು 90 ದಿನ. ಈ ಮೂರು ಅಂಕಿಗಳನ್ನು ಬಾಯಿಪಾಠ ಮಾಡಿ.

ಬಾವಿ, ಹಡಗು ಎರಡೂ ಒಂದೇ ಒಲೆಯಲ್ಲಿ ಸೇರುವುದನ್ನು ನೋಡಬೇಕಾದರೆ ಮಾಟುಂಗದ ಯಾವುದಾದರೂ ಉಡುಪಿ ಹೋಟೆಲಿನ ಅಡುಗೆಮನೆಗೆ ಇಣುಕಿ. ದೋಸೆ ಕಾವಲಿಯ ಕೆಳಗಿನ ನೀಲಿ ಉರಿಗೆ ಕೊಳವೆಯಲ್ಲಿ ಬರುವ ಅನಿಲದಲ್ಲಿ ಒಂದು ಪಾಲು ಸಮುದ್ರದಿಂದ ಉರಣ್‌ನ ಅನಿಲ ಘಟಕದ ಮೂಲಕ ಬಂದದ್ದು, ಇನ್ನೊಂದು ಪಾಲು ದ್ರವರೂಪದಲ್ಲಿ ಹಡಗಿನಲ್ಲಿ ಬಂದದ್ದು.

ಈಗ ತಂತಿ, ಅಂದರೆ ಮೂಲಸೌಕರ್ಯದ ದೌರ್ಬಲ್ಯ. ಪರೀಕ್ಷೆಯಲ್ಲಿ ಎಲ್ಲರೂ ಬಿಟ್ಟುಬಿಡುವ ಭಾಗ. ಅಂಕ ಸಿಗುವುದೂ ಇಲ್ಲೇ.

2020ರ ಅಕ್ಟೋಬರ್ 12, ಸೋಮವಾರ ಬೆಳಿಗ್ಗೆ ಸುಮಾರು 10 ಗಂಟೆಗೆ ಮುಂಬೈ ಕತ್ತಲಾಯಿತು. ಲೋಕಲ್ ರೈಲುಗಳು ಹಳಿಯ ಮೇಲೆಯೇ ನಿಂತವು. ಆ ದಿನ ದೇಶದಲ್ಲಿ ಕಲ್ಲಿದ್ದಲಿಗಾಗಲಿ ವಿದ್ಯುತ್ತಿಗಾಗಲಿ ಬರವಿರಲಿಲ್ಲ. ನಗರಕ್ಕೆ ವಿದ್ಯುತ್ ತರುವ 400 ಕಿಲೋವೋಲ್ಟ್ ಮಾರ್ಗಗಳು ಕೈಬೆರಳೆಣಿಕೆಯಷ್ಟು. ಕೆಲವು ಮೊದಲೇ ಸ್ಥಗಿತಗೊಂಡಿದ್ದಾಗ ಉಳಿದವುಗಳ ಮೇಲೆ ಹೊರೆ ಬಿದ್ದು, ಒಂದರ ಹಿಂದೊಂದು ಟ್ರಿಪ್ ಆದವು, ಅಂದರೆ ತಾವಾಗಿಯೇ ಸಂಪರ್ಕ ಕಡಿದುಕೊಂಡವು. ಸೈಬರ್ ದಾಳಿಯ ಅನುಮಾನವೂ ಮುಂದೆ ಎದ್ದಿತು. ಕೇಂದ್ರದ ವಿದ್ಯುತ್ ಸಚಿವರು ಅದನ್ನು ಒಪ್ಪದೆ ಮಾನವ ಲೋಪ ಎಂದರು. ಉತ್ತರದಲ್ಲಿ ಎರಡನ್ನೂ ಬರೆಯಿರಿ, ತೀರ್ಪು ಕೊಡಲು ಹೋಗಬೇಡಿ.

ಇಲ್ಲಿ ತಿಳಿಯಬೇಕಾದ ವ್ಯವಸ್ಥೆ ‘ಐಲ್ಯಾಂಡಿಂಗ್’. ಹೊರಗಿನ ಜಾಲ ಕುಸಿಯುವ ಸೂಚನೆ ಸಿಕ್ಕ ಕೂಡಲೇ ಮುಂಬೈ ತಾನಾಗಿ ಕಳಚಿಕೊಂಡು, ಟ್ರಾಂಬೆ, ಡಹಾಣು ಉಷ್ಣ ವಿದ್ಯುತ್ ಸ್ಥಾವರಗಳ ಮತ್ತು ಘಟ್ಟದ ಜಲವಿದ್ಯುತ್ತಿನ ಬಲದ ಮೇಲೆ ಪ್ರತ್ಯೇಕವಾಗಿ ನಡೆಯಬೇಕು. 1980ರ ದಶಕದಿಂದ ನಗರದ ಹೆಮ್ಮೆ ಇದು. ಆದರೆ ಒಳಗಿನ ಉತ್ಪಾದನೆ ಬೇಡಿಕೆಗೆ ಸಾಲದಿದ್ದರೆ ಜಾಲದ 50 ಹರ್ಟ್ಜ್‌ನ ಆವರ್ತನ (ಸೆಕೆಂಡಿಗೆ 50 ಆವರ್ತಗಳ ಲಯ) ಕುಸಿದು ಯಂತ್ರಗಳು ತಮ್ಮನ್ನು ಉಳಿಸಿಕೊಳ್ಳಲು ತಾವೇ ನಿಲ್ಲುತ್ತವೆ. ಆ ದಿನ ಆದದ್ದು ಅದೇ.

ಒಳಗೆ ಉತ್ಪಾದನೆ ಯಾಕೆ ಸಾಲಲಿಲ್ಲ? ಇದರಲ್ಲಿ ನೀತಿಯ ಪಾಲೂ ಇದೆ. ‘ಮೆರಿಟ್ ಆರ್ಡರ್’ ನಿಯಮದಂತೆ ಅಗ್ಗದ ವಿದ್ಯುತ್ತನ್ನು ಮೊದಲು ಕೊಳ್ಳಬೇಕು. ಟ್ರಾಂಬೆಯ ಕಲ್ಲಿದ್ದಲು ಆಮದಿನದು, ದುಬಾರಿ. ಹೊರಗಿನಿಂದ ಅಗ್ಗವಾಗಿ ಸಿಗುವಾಗ ಊರೊಳಗಿನ ಘಟಕವನ್ನು ಪೂರ್ತಿ ನಡೆಸಲು ಯಾರೂ ಮುಂದಾಗುವುದಿಲ್ಲ. ಗ್ರಾಹಕನ ಬಿಲ್ಲಿನಲ್ಲಿ ಉಳಿಸಿದ ಕೆಲವು ಪೈಸೆಗಳು ಆಪತ್ಕಾಲದ ರಕ್ಷಣೆಯನ್ನು ಸವೆಸಿದ್ದವು. ನನ್ನ ಮಟ್ಟಿಗೆ ಇಡೀ ಅಧ್ಯಾಯದ ತಿರುಳು ಇಷ್ಟೇ.

ಜಲವಿದ್ಯುತ್ತಿನ ಬೆಲೆ ಇಲ್ಲಿ ಗೊತ್ತಾಗುತ್ತದೆ. ಗಿರಣಿಗಳಿಗೆಂದು 1915ರಲ್ಲಿ ಶುರುವಾದ ಘಟ್ಟದ ಖೋಪೋಲಿ ಜಲವಿದ್ಯುತ್ ಕೇಂದ್ರ ಈಗಿನ ಬೇಡಿಕೆಯ ಮುಂದೆ ಚಿಕ್ಕದು. ಆದರೂ ನೀರಿನ ಯಂತ್ರ ನಿಮಿಷಗಳಲ್ಲಿ ತಿರುಗುತ್ತದೆ. ಸತ್ತ ಜಾಲಕ್ಕೆ ಮೊದಲ ಉಸಿರು ಕೊಡಬಲ್ಲದು. ಉಷ್ಣ ಸ್ಥಾವರ ಎಚ್ಚರವಾಗಲು ಗಂಟೆಗಳೇ ಬೇಕು, ಹೊರಗಿನಿಂದ ವಿದ್ಯುತ್ತೂ ಬೇಕು.

ಬಾವಿಯೊಳಗೂ ದೌರ್ಬಲ್ಯ ಅಡಗಿರುತ್ತದೆ ಎನ್ನಲು 2005ರ ಜುಲೈ 27 ಸಾಕು. ನಗರ ಹಿಂದಿನ ದಿನದ ಮಹಾಮಳೆಯಲ್ಲಿ ಮುಳುಗಿದ್ದಾಗ, ಬಾಂಬೆ ಹೈ ಉತ್ತರದ ತೈಲೋತ್ಪಾದನಾ ವೇದಿಕೆಗೆ ನೌಕೆಯೊಂದು ಬಡಿದು ಬೆಂಕಿ ಹತ್ತಿತು. 22 ಮಂದಿ ಸತ್ತರು, ವೇದಿಕೆಯೇ ನಾಶವಾಯಿತು. ಸಮುದ್ರದಡಿಯ ತೈಲ ಇದ್ದಲ್ಲೇ ಇತ್ತು.

2020ರ ನಂತರ ಖಾರ್ಘರ್–ವಿಕ್ರೋಲಿ 400 ಕಿಲೋವೋಲ್ಟ್ ಮಾರ್ಗ 2023ರ ಅಕ್ಟೋಬರಿನಲ್ಲಿ ಚಾಲೂ ಆಯಿತು. ನಗರಕ್ಕೆ ಸುಮಾರು 1,000 ಮೆಗಾವಾಟ್ ಹೆಚ್ಚುವರಿ ದಾರಿ. ಕತ್ತಲಾಗುವುದಕ್ಕೆ ವರ್ಷಗಳ ಮೊದಲೇ ಅದು ಕಾಗದದ ಮೇಲಿತ್ತು. ಕುಡುಸ್‌ನಿಂದ ಆರೇವರೆಗೆ ಅಷ್ಟೇ ಸಾಮರ್ಥ್ಯದ ಡಿಸಿ (ಏಕಮುಖ ವಿದ್ಯುತ್) ಮಾರ್ಗವನ್ನೂ ಕೈಗೆತ್ತಿಕೊಳ್ಳಲಾಯಿತು.

ಭಾನುವಾರಕ್ಕೆ ಬರೆದು ತರಬೇಕಾದ ಪ್ರಶ್ನೆ: ‘ವರ್ಷವಿಡೀ ಅರೆಬರೆ ನಡೆಯುವ ಟ್ರಾಂಬೆಯ ಘಟಕವನ್ನು ಸಿದ್ಧವಾಗಿಡುವ ಖರ್ಚನ್ನು ಮುಂಬೈಯ ಗ್ರಾಹಕನೇ ಹೊರಬೇಕೆ, ಇಲ್ಲವೇ ರಾಜ್ಯವೆಲ್ಲ ಹಂಚಿಕೊಳ್ಳಬೇಕೆ? ವಿದ್ಯುಚ್ಛಕ್ತಿ ಕಾಯ್ದೆ, 2003ರ ಅಡಿ ದರ ನಿಗದಿ ಮಾಡುವ ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಅಧಿಕಾರವನ್ನು ಆಧರಿಸಿ ಉತ್ತರಿಸಿ.’